ಬೇಲಿ ಇಲ್ಲದ ಕಾಡಿನ ಪಕ್ಕ ಒಂದು ಟೆಂಟು

ಗೊರಿಲ್ಲಾ ನೋಡಲು ಹೋಗುವವರ ಲೆಕ್ಕಾಚಾರ ಶುರುವಾಗುವುದೇ 800 ಡಾಲರಿನಿಂದ. ಉಗಾಂಡದಲ್ಲಿ ಒಬ್ಬ ವಿದೇಶಿ ಪ್ರವಾಸಿಯ ಪರ್ಮಿಟ್ಟಿಗೆ ಈಗಿನ ದರ ಅದು. 2024ರ ಜುಲೈಗೆ ಮುಂಚೆ 700 ಇತ್ತು. ಪಕ್ಕದ ರುವಾಂಡದಲ್ಲಿ 2017ರಿಂದಲೇ 1,500 ಡಾಲರ್. ಇಷ್ಟು ಕೊಟ್ಟರೆ ಸಿಗುವುದು ಗೊರಿಲ್ಲಾಗಳ ಎದುರು ಒಂದು ಗಂಟೆ. ಗಂಟೆ ಮುಗಿಯಿತು ಅಂದರೆ ಮುಗಿಯಿತು. ಎಷ್ಟು ಗೋಗರೆದರೂ ಗೈಡ್ ಹೊರಡಿಸಿಬಿಡುತ್ತಾರೆ. ಒಂದೇ ಗಂಟೆಗೆ ಹೆಚ್ಚೂಕಮ್ಮಿ ಎಪ್ಪತ್ತು ಸಾವಿರ ರೂಪಾಯಿ ಸುರಿದ ಮೇಲೆ, ರಾತ್ರಿ ಮಲಗುವ ಜಾಗಕ್ಕೆ ನನ್ನಂಥವನ ಜೇಬಿನಲ್ಲಿ ಉಳಿಯುವುದು ಚಿಲ್ಲರೆ.

ಉಗಾಂಡದಲ್ಲಿ ಗೊರಿಲ್ಲಾಗಳಿರುವ ಬ್ವಿಂಡಿ ಕಾಡಿನ ಸುತ್ತ ರಾತ್ರಿಗೆ ನೂರಾರು ಡಾಲರ್ ಕೇಳುವ ಲಾಡ್ಜುಗಳಿವೆ. ಅವುಗಳ ಪಕ್ಕದಲ್ಲೇ, ಅದೇ ರಸ್ತೆಯಲ್ಲಿ, ಹತ್ತು ಹದಿನೈದು ಡಾಲರಿಗೆ ಟೆಂಟ್ ಹಾಕಲು ಜಾಗ ಕೊಡುವ ಸಾದಾ ಕ್ಯಾಂಪುಗಳೂ ಇವೆ. ನಾನು ಹೋಗಿದ್ದು ಅಂಥದ್ದೊಂದಕ್ಕೆ. ಜೊತೆಗೆ ಬಂದವರು ಕಂಪಾಲದಲ್ಲಿ ಕೆಲಸದಲ್ಲಿರುವ ನಮ್ಮ ಭಾವ. ಅಲ್ಲೇ ನೆಲೆಸಿದವರು ಅಂತ ಅವರ ಪರ್ಮಿಟ್ಟಿಗೆ ನೂರು ಡಾಲರ್ ಕಡಿಮೆ. "ಆ ನೂರು ಡಾಲರ್‌ನಲ್ಲಿ ಒಂದು ಒಳ್ಳೆ ಮಂಚ ಸಿಗ್ತಿತ್ತಲ್ಲ ಕಣಯ್ಯಾ" ಅಂತ ದಾರಿಯುದ್ದಕ್ಕೂ ಗೊಣಗಿದರು. ದಾರಿಯೇನು ಚಿಕ್ಕದಲ್ಲ. ವಿಮಾನ ಇಳಿಯುವ ಎಂಟೆಬೆಯಿಂದ ಬ್ವಿಂಡಿಯ ಅಂಚಿನ ಬುಹೋಮಾಗೆ ಐನೂರು ಕಿಲೋಮೀಟರ್ ಹತ್ತಿರ. ಇಡೀ ಹಗಲು ಬೇಕು. ವೀಸಾ, ಹಳದಿ ಜ್ವರದ ಲಸಿಕೆ, ಆ ಹಳದಿ ಕಾರ್ಡು, ಇವೆಲ್ಲ ಬೇರೆ ಕಡೆ ಬೇಕಾದಷ್ಟು ಬರೆದಿದ್ದಾರೆ, ನಾನು ಬಿಡುತ್ತೇನೆ. ಒಂದು ಮಾತ್ರ ಹೇಳಬೇಕು. ಆ ಕಾರ್ಡು ಅಲ್ಲಿಗೆ ಹೋಗುವಾಗ ಬೇಕು ಅಂತ ಎಲ್ಲರಿಗೂ ಗೊತ್ತು. ವಾಪಸ್ ಭಾರತಕ್ಕೆ ಇಳಿದಾಗಲೂ ಕೇಳುತ್ತಾರೆ.

ಬುಟೊಗೊಟ ಅನ್ನುವ ಪುಟ್ಟ ಪೇಟೆ ದಾಟಿದ ಮೇಲೆ ಕೆಂಪು ಮಣ್ಣಿನ ರಸ್ತೆ. ಎರಡೂ ಕಡೆ ಗುಡ್ಡ. ಗುಡ್ಡದ ನೆತ್ತಿಯವರೆಗೂ ಬೇಸಾಯ. ಬಾಳೆ, ಬೀನ್ಸು, ಆಲೂಗಡ್ಡೆ, ಚಹಾ. ಒಂದು ಅಂಗೈಯಗಲ ಜಾಗವನ್ನೂ ಸುಮ್ನೆ ಬಿಟ್ಟಿಲ್ಲ. ಗೊರಿಲ್ಲಾ ಇರುವಷ್ಟು ದೊಡ್ಡ ಕಾಡು ಇಲ್ಲಿ ಎಲ್ಲಿ ಅಡಗಿದೆ ಅಂತ ಯೋಚಿಸುತ್ತಿದ್ದೆ. ಒಂದು ತಿರುವಿನಲ್ಲಿ ಕಾಡು ಎದುರಿಗೇ ನಿಂತಿತ್ತು. ನಮ್ಮ ಕಡೆಯ ಹಾಗೆ ಮೊದಲು ಕುರುಚಲು, ಆಮೇಲೆ ಮರ, ಆಮೇಲೆ ಕಾಡು ಅಂತ ನಿಧಾನಕ್ಕೆ ಬರುವುದಿಲ್ಲ. ಚಹಾ ಗಿಡದ ಕೊನೆಯ ಸಾಲು ಮುಗಿಯಿತು, ಕಾಡು ಶುರುವಾಯಿತು. ನಡುವೆ ಬೇಲಿ ಇಲ್ಲ, ಕಂದಕ ಇಲ್ಲ.

ಬ್ವಿಂಡಿಯ ವಿಸ್ತಾರ 321 ಚದರ ಕಿಲೋಮೀಟರ್. ನಮ್ಮ ನಾಗರಹೊಳೆಯ ಅರ್ಧದಷ್ಟು. ಬ್ರಿಟಿಷರು 1932ರಲ್ಲಿ ಮೀಸಲು ಅರಣ್ಯ ಮಾಡಿದರು. 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಬುಹೋಮಾ, ರುಹೀಜಾ, ರುಶಾಗಾ, ನ್ಕುರಿಂಗೊ ಅಂತ ನಾಲ್ಕು ದಿಕ್ಕಿನಿಂದ ಒಳಗೆ ಹೋಗಬಹುದು. ಪ್ರವಾಸಿಗರು ಮೊದಲು ಬಂದದ್ದು ಬುಹೋಮಾಗೆ, 1993ರಲ್ಲಿ. ಆಗ ನೋಡಲು ಸಿಗುತ್ತಿದ್ದದ್ದು ಮುಬಾರೆ ಅನ್ನುವ ಗೊರಿಲ್ಲಾ ಕುಟುಂಬ.

ನಮ್ಮ ಕ್ಯಾಂಪು ಈ ಗಡಿಯ ಮೇಲೇ ಇತ್ತು. ಇಳಿಜಾರನ್ನು ಮೆಟ್ಟಿಲಿನ ಹಾಗೆ ಕಡಿದು, ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ಟೆಂಟು. ಟೆಂಟಿನ ಮೇಲೆ ತಗಡಿನ ಚಪ್ಪರ. ಒಳಗೆ ತೆಳ್ಳನೆಯ ಹಾಸಿಗೆ, ಒಂದು ಕಂಬಳಿ, ಸೊಳ್ಳೆಪರದೆ. ಹಾಸಿಗೆಗೆ ತೇವ ಹಿಡಿದಿತ್ತು, ಸುಳ್ಳು ಯಾಕೆ ಹೇಳಲಿ. ಕಕ್ಕಸು ಐವತ್ತು ಹೆಜ್ಜೆ ದೂರ, ಗುಂಡಿ ಕಕ್ಕಸು. ಬಾಗಿಲಿಗೆ ಚಿಲಕ ಕೂರುತ್ತಿರಲಿಲ್ಲ, ಒಂದು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಸ್ನಾನಕ್ಕೆ ಬಿಸಿನೀರು ಬೇಕು ಅಂದರೆ ಅರ್ಧ ಗಂಟೆ ಮುಂಚೆ ಹೇಳಬೇಕು. ಡ್ರಮ್ಮಿನಲ್ಲಿ ಕಾಯಿಸಿ ಹಳದಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದುಕೊಡುತ್ತಾರೆ. ಆ ಹಳದಿ ಕ್ಯಾನು ಉಗಾಂಡದಲ್ಲಿ ನೀವು ಎಲ್ಲಿ ಹೋದರೂ ಕಾಣುತ್ತದೆ. ಹೆಂಗಸರ ತಲೆಯ ಮೇಲೆ, ಸೈಕಲ್ಲಿನ ಹಿಂದೆ, ಮಕ್ಕಳ ಕೈಯಲ್ಲಿ. ನೀರಿಗೆ ನೀಲಗಿರಿ ಹೊಗೆಯ ವಾಸನೆ. ಸೌದೆಗೆ ಕಾಡಿನ ಒಂದು ಕಡ್ಡಿ ಮುಟ್ಟುವ ಹಾಗಿಲ್ಲ, ಹಾಗಾಗಿ ಮನೆ ಮನೆಯವರೂ ಜಮೀನಿನ ಅಂಚಿಗೆ ನೀಲಗಿರಿ ಹಾಕಿಕೊಂಡಿದ್ದಾರೆ.

ಫೋನ್ ಚಾರ್ಜ್ ಮಾಡಲು ಊಟದ ಕೋಣೆಯಲ್ಲಿ ಒಂದೇ ಒಂದು ಬೋರ್ಡು, ಸೋಲಾರಿನದು. ಅಲ್ಲಿ ಹತ್ತು ಫೋನು ಒಂದರ ಮೇಲೊಂದು. ಭೂಮಧ್ಯರೇಖೆಯ ಪಕ್ಕದ ಊರಾದ್ದರಿಂದ ವರ್ಷವಿಡೀ ಏಳು ಗಂಟೆಗೆಲ್ಲ ಕತ್ತಲು. ಕತ್ತಲಾದ ಮೇಲೆ ಕ್ಯಾಂಪಿನಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಮಾತು ಬಿಟ್ಟರೆ. ನನಗೆ ಈ ಊರು ಅರ್ಥವಾಗಿದ್ದು ಆ ಮಾತಿನಲ್ಲಿ. ಲಾಡ್ಜಿನಲ್ಲಿ ಇದ್ದಿದ್ದರೆ ಎಂಟಕ್ಕೆ ಊಟ ಮುಗಿಸಿ, ಹೊದಿಕೆಯೊಳಗೆ ಇಟ್ಟ ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗುತ್ತಿದ್ದೆ.

ಸಂಜೆ ಕಾಲುಚೀಲ, ಬನಿಯನ್ನು ಒಗೆದು ಟೆಂಟಿನ ಹಗ್ಗದ ಮೇಲೆ ಹಾಕಿದ್ದೆ. ಕ್ಯಾಂಪಿನ ಉಸ್ತುವಾರಿ ನೋಡಿಕೊಳ್ಳುವ ಹೆಂಗಸು ಬಂದು, ರಾತ್ರಿ ಹೊರಗೆ ಬಿಡಬೇಡಿ, ಒಳಗೆ ತೆಗೆದುಕೊಳ್ಳಿ ಅಂದರು.

"ಕಳ್ಳರ ಕಾಟವೇ?" ಅಂದೆ.

"ಗೊರಿಲ್ಲಾ" ಅಂದರು.

ತಮಾಷೆ ಅಂದುಕೊಂಡೆ. ಅಲ್ಲ. 1996ರಲ್ಲಿ ಇಲ್ಲಿನ ಒಂದು ಗೊರಿಲ್ಲಾ ಗುಂಪಿಗೆ ಕಜ್ಜಿ ಹತ್ತಿತು. ಮೈಕೂದಲು ಉದುರಿ, ತುರಿಸಿಕೊಂಡು ತುರಿಸಿಕೊಂಡು ಒಂದು ಮರಿ ಸತ್ತೇಹೋಯಿತು. ಉಳಿದವಕ್ಕೆ ಔಷಧಿ ಕೊಟ್ಟು ಬದುಕಿಸಿಕೊಂಡರು. ರೋಗ ಬಂದದ್ದು ಮನುಷ್ಯರಿಂದ. ಹೊಲದಲ್ಲಿ ನಿಲ್ಲಿಸಿದ್ದ ಬೆದರುಬೊಂಬೆಗಳ ಹಳೇ ಬಟ್ಟೆಯಿಂದಲೇ ಇರಬೇಕು ಅಂತ ಆಮೇಲೆ ತೀರ್ಮಾನಕ್ಕೆ ಬಂದರು. ಗೊರಿಲ್ಲಾ ಬಾಳೆ ತಿನ್ನಲು ತೋಟಕ್ಕೆ ಬಂದು, ಬೊಂಬೆಯ ಅಂಗಿಯನ್ನು ಮುಟ್ಟಿ ಮೂಸಿ ನೋಡಿರಬೇಕು. ಆ ಗುಂಪಿಗೆ ಚಿಕಿತ್ಸೆ ಕೊಟ್ಟವರು ಗ್ಲಾಡಿಸ್ ಕಲೇಮಾ ಜಿಕುಸೋಕಾ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಉಗಾಂಡ ವನ್ಯಜೀವಿ ಇಲಾಖೆಯ ಮೊದಲ ಪಶುವೈದ್ಯೆ. ಊರಿನ ಜನರಿಗೆ ಆರೋಗ್ಯ ಇಲ್ಲದೆ ಗೊರಿಲ್ಲಾಗೂ ಆರೋಗ್ಯ ಇರುವುದಿಲ್ಲ ಅಂತ ಅವರಿಗೆ ಅಲ್ಲೇ ಹೊಳೆಯಿತು. 2003ರಲ್ಲಿ ಅದಕ್ಕೇ ಅಂತ ಒಂದು ಸಂಸ್ಥೆ ಕಟ್ಟಿದರು. ಊರಿನವರಿಗೆ ಕ್ಷಯ, ಕಜ್ಜಿ, ಭೇದಿ ಬಾರದ ಹಾಗೆ ನೋಡಿಕೊಳ್ಳುವುದೇ ಆ ಸಂಸ್ಥೆಗೆ ಗೊರಿಲ್ಲಾ ರಕ್ಷಣೆ.

ಬನಿಯನ್ನನ್ನು ಒಳಗೆ ತಂದು ಹರವಿಕೊಂಡೆ. ಅದು ಬೆಳಿಗ್ಗೆಯವರೆಗೂ ಒಣಗಲಿಲ್ಲ ಅನ್ನುವುದು ಬೇರೆ ಮಾತು. ಬುಹೋಮಾದಲ್ಲಿ ಗೊರಿಲ್ಲಾಗಳು ಲಾಡ್ಜಿನ ಅಂಗಳದಲ್ಲಿ ಹಾದುಹೋಗುವುದು ಅಪರೂಪವೇನಲ್ಲ. ದುಡ್ಡು ಕೊಟ್ಟವರೇ ಆಗಲಿ, ಕೊಡದವರೇ ಆಗಲಿ, ಬಂದಾಗ ಬರುತ್ತವೆ.

ರಾತ್ರಿ ಕಕ್ಕಸಿಗೆ ಹೋಗಬೇಕಾಗಿ ಬಂತು. ಟಾರ್ಚ್ ಹಿಡಿದು ಭಾವನನ್ನು ಎಬ್ಬಿಸಿದೆ. ಗೊರಿಲ್ಲಾ ಹಗಲಿನ ಪ್ರಾಣಿ, ಕತ್ತಲಾದರೆ ನಮ್ಮ ಹಾಗೆ ಮಲಗುತ್ತದೆ ಅಂತ ಇಬ್ಬರಿಗೂ ಗೊತ್ತು. ಗೊತ್ತಿದ್ದರೇನು. ಅಷ್ಟರಲ್ಲಿ ಕಾಡಿನಿಂದ ಒಂದು ಕೂಗು ಬಂತು, ಯಾರದೋ ಕತ್ತು ಹಿಸುಕುತ್ತಿದ್ದಾರೇನೋ ಅನ್ನುವಂಥದ್ದು. ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಂತಿತು. ಭಾವ ನನ್ನ ರಟ್ಟೆ ಹಿಡಿದುಕೊಂಡರು. ಬೆಳಿಗ್ಗೆ ಕೇಳಿದರೆ, ಅದು ಟ್ರೀ ಹೈರಾಕ್ಸ್, ಮರದ ಮೇಲಿರುವ ಮೊಲದಷ್ಟು ಗಾತ್ರದ ಪ್ರಾಣಿ, ವಂಶದಲ್ಲಿ ಆನೆಗೆ ಹತ್ತಿರದ ನೆಂಟ ಅಂದರು. ಭಾವನಿಗೆ ನೆಂಟಸ್ತಿಕೆಯ ವಿಷಯ ಹಿಡಿಸಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕ್ಯಾಂಪಿನ ಮೆನುವಿನಲ್ಲಿ ಪ್ರವಾಸಿಗರಿಗೆ ಅಂತ ಇದ್ದದ್ದು ಚಿಪ್ಸು, ಆಮ್ಲೆಟ್ಟು, ಸ್ಪಗೆಟ್ಟಿ, ಬಾಳೆಹಣ್ಣಿನ ಪ್ಯಾನ್‌ಕೇಕು. ಉಗಾಂಡದ ರಸ್ತೆ ಬದಿಯಲ್ಲೆಲ್ಲ ಸಿಗುವ ರೋಲೆಕ್ಸ್ ಕೂಡ ಇತ್ತು, ಚಪಾತಿಯೊಳಗೆ ಆಮ್ಲೆಟ್ ಇಟ್ಟು ಸುತ್ತಿ ಕೊಡುವುದು. ನಮ್ಮ ದೇಶದಿಂದ ಹೋದವರ ಜೊತೆ ಅಲ್ಲಿಗೆ ಹೋದ ಚಪಾತಿ, ಈಗ ಪೂರ್ತಿ ಅವರದ್ದೇ ಆಗಿಬಿಟ್ಟಿದೆ. ಕೆಲಸದವರು ಅಡುಗೆಮನೆಯ ಹಿಂದೆ ಕೂತು ಬೇರೆ ಏನೋ ತಿನ್ನುತ್ತಿದ್ದರು. ಮುಚ್ಚಳವಿರುವ ಒಂದು ಪುಟ್ಟ ಬುಟ್ಟಿ, ನೇಯ್ದದ್ದು. ಮುಚ್ಚಳ ತೆಗೆದರೆ ಆವಿ. ಒಳಗೆ ಕಂದು ಬಣ್ಣದ, ನುಣ್ಣನೆಯ ಮುದ್ದೆ.

ಹಾಸನದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾಸನೆಗೇ ಗೊತ್ತಾಯಿತು. ರಾಗಿ!

ಅವರು ಅದನ್ನು ಕಾರೊ ಅನ್ನುತ್ತಾರೆ. ಪಶ್ಚಿಮ ಉಗಾಂಡದಲ್ಲಿ ಹಬ್ಬಕ್ಕೂ ಅದೇ, ಹಸಿವಿಗೂ ಅದೇ. ಕೆಲವು ಮನೆಗಳಲ್ಲಿ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ. ಆಗ ಸ್ವಲ್ಪ ಅಂಟು ಜಾಸ್ತಿ. ರಾಗಿ ಹುಟ್ಟಿದ್ದೇ ಇಥಿಯೋಪಿಯ, ಉಗಾಂಡದ ಈ ಎತ್ತರದ ಸೀಮೆಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದ ನಮ್ಮ ಕಡೆಗೆ ಬಂತು. ಇದನ್ನು ಓದಿ ತಿಳಿದಿದ್ದೆ. ಓದುವುದು ಬೇರೆ, ಗೊರಿಲ್ಲಾ ಕಾಡಿನ ಪಕ್ಕ ಒಂದು ಗುಡ್ಡದ ಮೇಲೆ ಕೂತು ಮುರಿದು ತಿನ್ನುವುದು ಬೇರೆ.

ನನಗೂ ಅದೇ ಕೊಡಿ ಅಂದೆ. ಅಡುಗೆಯಾಕೆ ಮೊದಲು ನಂಬಲಿಲ್ಲ. ಬಿಳಿಯರಿಗೆ, ಭಾರತದವರಿಗೆ ಇದು ಸೇರುವುದಿಲ್ಲ ಅನ್ನುವುದು ಅವರ ಅನುಭವ. ಆಮೇಲೆ ತಂದಿಟ್ಟರು. ನೆಂಚಿಕೊಳ್ಳಲು ಬೀನ್ಸು, ಕಡಲೆಕಾಯಿ ಅರೆದು ಕುದಿಸಿದ ಗಟ್ಟಿ ಸಾರು, ಪಕ್ಕದಲ್ಲಿ ಬೆಂದ ಸೊಪ್ಪು. ಸೊಪ್ಪಿಗೆ ಅವರು ಡೋಡೊ ಅನ್ನುತ್ತಾರೆ, ನೋಡಿದರೆ ನಮ್ಮ ಹರಿವೆ. ಖಾರ ಮಾತ್ರ ಇಲ್ಲವೇ ಇಲ್ಲ. ಒಂದು ಹಸಿಮೆಣಸಿನಕಾಯಿ ಕೇಳಿ ತರಿಸಿಕೊಂಡೆ. ಮುರಿದೆ, ಹೆಬ್ಬೆರಳಿನಿಂದ ಗುಂಡಿ ಮಾಡಿದೆ, ಅದ್ದಿದೆ, ಅಗಿಯದೆ ನುಂಗಿದೆ. ಆಕೆ ಒಳಗಿದ್ದವರನ್ನೆಲ್ಲ ಕೂಗಿ ಕರೆದರು. ನಾಲ್ಕೈದು ಜನ ಸೊಂಟದ ಮೇಲೆ ಕೈಯಿಟ್ಟು ನಿಂತು ನಾನು ತಿನ್ನುವುದನ್ನು ನೋಡಿದರು. ಆಮೇಲೆ ಅಲ್ಲಿರುವಷ್ಟು ದಿನವೂ ನಮಗೆ ಮೆನು ಕಾರ್ಡು ಕೊಡಲಿಲ್ಲ. ಬಿಲ್ಲಿನಲ್ಲಿ ಊಟದ ಬಾಬ್ತು ಕೂಡ ಅರ್ಧಕ್ಕರ್ಧ ಇಳಿಯಿತು. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಮುದ್ದೆ ತಿನ್ನೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದರು.

ಗೊರಿಲ್ಲಾ ನೋಡುವ ದಿನ ಎಂಟು ಗಂಟೆಗೆಲ್ಲ ಉದ್ಯಾನದ ಕಚೇರಿ ಮುಂದೆ ಸೇರಬೇಕು. ಒಂದು ಗುಂಪಿಗೆ ಎಂಟೇ ಜನ. ಹದಿನೈದು ವರ್ಷ ತುಂಬದ ಮಕ್ಕಳಿಗೆ ಪ್ರವೇಶ ಇಲ್ಲ. ನೆಗಡಿ ಕೆಮ್ಮು ಇದ್ದವರಿಗೂ ಇಲ್ಲ. ಹತ್ತಿರ ಹೋದಾಗ ಮುಖಕ್ಕೆ ಮಾಸ್ಕು, ಹತ್ತು ಮೀಟರ್ ದೂರ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ ಅಂದರು, ಅಲ್ಲಿನ ಸಫಾರಿ ಇರುವೆಗಳು ಒಳಗೆ ಹತ್ತಿದರೆ ಎಲ್ಲರೆದುರೇ ಪ್ಯಾಂಟು ಬಿಚ್ಚಬೇಕಾಗುತ್ತದೆ.

ಜೊತೆಗೆ ಬಂದೂಕು ಹಿಡಿದ ಇಬ್ಬರು. ಕಾಡಾನೆ ಎದುರಾದರೆ ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸಲು ಅನ್ನುತ್ತಾರೆ. ಅದು ನಿಜವೇ. ಆದರೆ ಬುಹೋಮಾದಲ್ಲಿ ಬಂದೂಕಿಗೆ ಇನ್ನೊಂದು ಕಾರಣವೂ ಇದೆ. 1999ರ ಮಾರ್ಚ್ 1ರಂದು ಬೆಳಗಿನ ಹೊತ್ತು ಗಡಿಯಾಚೆಯಿಂದ ಬಂದ ರುವಾಂಡದ ಬಂಡುಕೋರರು ಇಲ್ಲಿನ ಕ್ಯಾಂಪುಗಳಿಗೆ ನುಗ್ಗಿ ಪ್ರವಾಸಿಗರನ್ನು ಕಾಡಿನೊಳಗೆ ನಡೆಸಿಕೊಂಡು ಹೋದರು. ಎಂಟು ಪ್ರವಾಸಿಗರನ್ನು ಕೊಂದರು. ಉದ್ಯಾನದ ಒಬ್ಬ ಅಧಿಕಾರಿಯನ್ನೂ ಕೊಂದರು. ಅದಾದ ಮೇಲೆ ಇಲ್ಲಿ ಸೇನೆ ಕಾವಲಿದೆ. ಕ್ಯಾಂಪಿನ ಕೆಳಗಿನ ಚಹಾ ಅಂಗಡಿಯಲ್ಲಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಚಪಾತಿ ತಿನ್ನುತ್ತಿದ್ದ ಹುಡುಗರನ್ನು ನೋಡಿದಾಗ ಮೊದಮೊದಲು ಮುಜುಗರವಾಗಿತ್ತು. ಆಮೇಲೆ ಅಭ್ಯಾಸವಾಯಿತು.

ಪೋರ್ಟರ್ ಬೇಕಾ ಅಂತ ಕೇಳಿದರು. ಹದಿನೈದಿಪ್ಪತ್ತು ಡಾಲರ್. ಖಂಡಿತ ತೆಗೆದುಕೊಳ್ಳಿ, ನಿಮ್ಮ ಬ್ಯಾಗು ಎಷ್ಟೇ ಹಗುರವಾಗಿರಲಿ. ಸರದಿ ಪ್ರಕಾರ ಊರಿನವರಿಗೆ ಕೆಲಸ ಸಿಗುತ್ತದೆ, ಒಂದು ಸರದಿ ತಪ್ಪಿದರೆ ಮುಂದಿನದಕ್ಕೆ ಬಹಳ ದಿನ ಕಾಯಬೇಕು. ನನ್ನ ಬ್ಯಾಗು ಹೊತ್ತವಳು ಇಪ್ಪತ್ತರ ಆಸುಪಾಸಿನ ಹುಡುಗಿ, ರಬ್ಬರ್ ಬೂಟು ಹಾಕಿದ್ದಳು. ಭಾವ, "ನಂಗೇನು ವಯಸ್ಸಾಗಿದ್ಯಾ, ಬೇಡ" ಅಂದರು. ಮೊದಲ ಏರಿನಲ್ಲೇ ಅವಳು ಒಂದು ಕೈಯಲ್ಲಿ ನನ್ನನ್ನು ಎಳೆಯುತ್ತಾ, ಇನ್ನೊಂದರಲ್ಲಿ ಭಾವನನ್ನು ಎಳೆಯುತ್ತಿದ್ದಳು. ಹಾದಿ ಅಂತ ಒಂದಿಲ್ಲ. ಮುಂದೆ ಹೋಗುವವರು ಮಚ್ಚಿನಲ್ಲಿ ಬಳ್ಳಿ ಸವರುತ್ತಾ ಹೋದಂತೆ ಅದೇ ಹಾದಿ. ಕಾಲಿಟ್ಟಲ್ಲಿ ನೆಲ ಇದೆ ಅಂತ ಖಾತ್ರಿ ಇಲ್ಲ, ಹೆಣೆದ ಬಳ್ಳಿಯ ಮೇಲೆಯೇ ನಡೆಯುತ್ತಿರುತ್ತೀರಿ.

ನಸುಕಿನಲ್ಲೇ ಹೊರಟ ಟ್ರ್ಯಾಕರುಗಳು ಮೊದಲು ಹುಡುಕುವುದು ಗೊರಿಲ್ಲಾಗಳನ್ನಲ್ಲ, ಅವು ಹಿಂದಿನ ರಾತ್ರಿ ಮಲಗಿದ್ದ ಗೂಡುಗಳನ್ನು. ನಮಗೂ ದಾರಿಯಲ್ಲಿ ಸಿಕ್ಕಿದವು. ಬಗ್ಗಿ ನೋಡಿದೆ. ಸುತ್ತಲಿನ ಗಿಡದ ದಂಟುಗಳನ್ನು ಒಳಮುಖವಾಗಿ ಬಗ್ಗಿಸಿ, ಮುರಿದು, ಮೇಲೆ ಕೂತು ಅಮುಕಿದ ಒಂದು ದೊಡ್ಡ ತಟ್ಟೆ. ಎಲೆಗಳು ಇನ್ನೂ ಬಾಡಿರಲಿಲ್ಲ. ಅಂಚಿನಲ್ಲಿ ಲದ್ದಿ, ದೊಡ್ಡದು. ಪಕ್ಕದ ಗೂಡಿನಲ್ಲಿ ದೊಡ್ಡ ಲದ್ದಿಯ ಜೊತೆ ಒಂದು ಪುಟ್ಟದು. ಅಂದರೆ ತಾಯಿ, ಮರಿ ಒಟ್ಟಿಗೆ ಮಲಗಿದ್ದವು. ಗೊರಿಲ್ಲಾ ಪ್ರತಿ ಸಂಜೆ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ, ಕೆಲವೇ ನಿಮಿಷದಲ್ಲಿ. ಹಳೆಯದಕ್ಕೆ ತಿರುಗಿ ಬರುವುದಿಲ್ಲ. ಮೇಲೆ ಚಾವಣಿ ಇಲ್ಲ, ಮಳೆ ಬಂದರೆ ನೆನೆಯುವುದೇ. ಭಾವ ಅದನ್ನೇ ನೋಡುತ್ತಾ ನಿಂತಿದ್ದರು. ಅವತ್ತಿನಿಂದ ಕ್ಯಾಂಪಿನ ಹಾಸಿಗೆಯ ಬಗ್ಗೆ ಅವರು ಒಂದೂ ಮಾತಾಡಲಿಲ್ಲ.

ಗೊರಿಲ್ಲಾ ಗಣತಿಯೂ ಇದೇ ಗೂಡುಗಳಿಂದ. ತಂಡಗಳು ಕಾಡನ್ನೆಲ್ಲ ಜಾಲಾಡಿ ಗೂಡು ಎಣಿಸುತ್ತವೆ, ಲದ್ದಿ ತಂದು ಡಿಎನ್‌ಎ ಪರೀಕ್ಷೆ ಮಾಡುತ್ತವೆ, ಒಂದನ್ನೇ ಎರಡು ಸಲ ಎಣಿಸದ ಹಾಗೆ. ಬ್ವಿಂಡಿಯಲ್ಲಿ 2018ರ ಗಣತಿಯ ಪ್ರಕಾರ 459. ಮೂರು ದೇಶಗಳ ಗಡಿಯಲ್ಲಿರುವ ವಿರುಂಗಾ ಬೆಟ್ಟಗಳಲ್ಲಿ 604. ಒಟ್ಟು 1,063. ಬೆಟ್ಟದ ಗೊರಿಲ್ಲಾ ಅನ್ನುವ ಈ ಬಗೆಯವು ಲೋಕದಲ್ಲಿ ಇರುವುದು ಇಷ್ಟೇ. ಯಾವ ಮೃಗಾಲಯದಲ್ಲೂ ಒಂದೂ ಇಲ್ಲ. ಆದರೂ ಇದು ಖುಷಿಯ ಲೆಕ್ಕ, ಯಾಕೆಂದರೆ ಸಂಖ್ಯೆ ಏರಿದೆ. 2018ರಲ್ಲಿ ಇವನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು.

ಆ ಒಂದು ಗಂಟೆಯ ಬಗ್ಗೆ ಏನು ಬರೆಯಲಿ? ಎಲ್ಲರೂ ಕಣ್ಣು ಕಣ್ಣು ಕೂಡಿದ್ದರ ಬಗ್ಗೆ ಬರೆಯುತ್ತಾರೆ. ನನ್ನ ಕಣ್ಣನ್ನು ಯಾವ ಗೊರಿಲ್ಲಾವೂ ನೋಡಲಿಲ್ಲ, ಅವಕ್ಕೆ ಊಟದ ಹೊತ್ತು. ನಾನು ನೋಡಿದ್ದು ಕೈಗಳನ್ನು. ಒಂದು ಹೆಣ್ಣು ಗೊರಿಲ್ಲಾ ದಂಟೊಂದನ್ನು ಕಿತ್ತು, ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಒಳಗಿನ ತಿರುಳನ್ನು ಮಾತ್ರ ತಿಂದು, ಸಿಪ್ಪೆಯನ್ನು ಪಕ್ಕಕ್ಕೆ ಇಡುತ್ತಿತ್ತು. ಎಸೆಯುತ್ತಿರಲಿಲ್ಲ, ಇಡುತ್ತಿತ್ತು. ಉಗುರಿನಲ್ಲಿ ಮಣ್ಣು. ಬೆನ್ನು ಬೆಳ್ಳಗಾದ ಯಜಮಾನ ಗಂಡು ಅಂಗಾತ ಮಲಗಿ ದೀರ್ಘವಾಗಿ ಹೂಸು ಬಿಟ್ಟಿತು. ನಮ್ಮ ಗುಂಪಿನಲ್ಲಿದ್ದ ಗಂಭೀರ ಮುಖದ ಮುದುಕ ದಂಪತಿ ನಗು ತಡೆಯಲಾರದೆ ಮಾಸ್ಕನ್ನು ಕೈಯಿಂದ ಒತ್ತಿ ಹಿಡಿದುಕೊಂಡರು. ಗೈಡ್ ಆಗಾಗ ಗಂಟಲಿನಿಂದ ಒಂದು ಸದ್ದು ಮಾಡುತ್ತಿದ್ದರು, ಗೊರಿಲ್ಲಾಗಳದ್ದೇ ಸದ್ದು, ನಾವು ಇದ್ದೇವೆ, ಗಾಬರಿ ಬೇಡ ಅನ್ನುವಂಥದ್ದು. ಅವೂ ತಿನ್ನುತ್ತಲೇ ಉತ್ತರ ಕೊಡುತ್ತಿದ್ದವು.

ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಆದರೆ ನನ್ನ ತಲೆಯಲ್ಲಿ ಈಗಲೂ ಓಡುತ್ತಿರುವುದು ಆ ಗಂಟೆಯಲ್ಲ, ಅವತ್ತು ಸಂಜೆ ಕ್ಯಾಂಪಿನ ಬೆಂಕಿಯ ಸುತ್ತ ಕೇಳಿದ ಮಾತು.

ಉಸ್ತುವಾರಿ ಹೆಂಗಸಿನ ಗಂಡನಿಗೆ ಕಾಡಿನ ಅಂಚಿನಲ್ಲಿ ಬಾಳೆ ತೋಟ. ಗೊರಿಲ್ಲಾ ಬಂದರೆ ಗೊನೆ ಮುಟ್ಟುವುದಿಲ್ಲವಂತೆ, ಗಿಡವನ್ನೇ ಸೀಳಿ ದಿಂಡು ತಿನ್ನುತ್ತದೆ. ಬಾಳೆದಿಂಡಿನ ಪಲ್ಯ ನಾವೂ ತಿನ್ನುತ್ತೇವೆ, ಆದರೆ ಗೊನೆ ಕಡಿದ ಮೇಲೆ ಅಲ್ವಾ. ಗೊರಿಲ್ಲಾಗೆ ಅಷ್ಟು ತಾಳ್ಮೆ ಇಲ್ಲ. ಒಂದು ಬೆಳಗಿನ ತಿಂಡಿಗೆ ಒಂದು ವರ್ಷದ ಫಸಲು. ಹೊಡೆಯುವಂತಿಲ್ಲ, ಕಲ್ಲು ಎಸೆಯುವಂತಿಲ್ಲ. ಊರಿನ ಸ್ವಯಂಸೇವಕರ ತಂಡವೊಂದಿದೆ. ಅವರು ಬಂದು ಗದ್ದಲ ಮಾಡಿ, ನಿಧಾನಕ್ಕೆ ಕಾಡಿನ ಕಡೆ ತಿರುಗಿಸಬೇಕು. ಕಾಡಿನ ಅಂಚಿನಲ್ಲಿ ಅಷ್ಟೊಂದು ಚಹಾ ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಚಹಾ ಎಲೆಯನ್ನು ಗೊರಿಲ್ಲಾ ತಿನ್ನುವುದಿಲ್ಲ. ಆನೆಯೂ ತಿನ್ನುವುದಿಲ್ಲ. ಬೇಲಿ ಇಲ್ಲ ಅಂತ ನಾನು ಅಂದುಕೊಂಡಿದ್ದೆನಲ್ಲ, ಆ ಚಹಾ ಸಾಲೇ ಬೇಲಿ.

ಆಲೂರು, ಸಕಲೇಶಪುರದ ಕಡೆಯ ನಮ್ಮ ನೆಂಟರು ಆನೆ ಬಗ್ಗೆ ಮಾತಾಡುವಾಗ ದನಿಯಲ್ಲಿ ಇರುವ ಸಿಟ್ಟು, ಭಕ್ತಿ, ಸುಸ್ತು ಎಲ್ಲ ಈ ಮನುಷ್ಯನ ದನಿಯಲ್ಲೂ ಇತ್ತು. ಒಂದೇ ವ್ಯತ್ಯಾಸ, ಇವರ ಮನೆಯಲ್ಲಿ ಹೆಂಡತಿಯ ಸಂಬಳ ಬರುವುದೂ ಗೊರಿಲ್ಲಾದಿಂದ. ಬಾಳೆ ಹೋಯಿತು ಅಂತ ಬೈಯುತ್ತಾರೆ, ಮಾರನೆಯ ದಿನ ಆ ಗುಂಪು ಎಲ್ಲಿದೆ ಅಂತ ಅವರೇ ಗೈಡಿಗೆ ಫೋನ್ ಮಾಡುತ್ತಾರೆ.

2020ರಲ್ಲಿ ಆ ಸಂಬಳ ನಿಂತುಹೋಯಿತು. ಕೋವಿಡ್ ಕಾಲದಲ್ಲಿ ಗೊರಿಲ್ಲಾ ಪ್ರವಾಸ ತಿಂಗಳುಗಟ್ಟಲೆ ಬಂದ್. ಕ್ಯಾಂಪುಗಳು ಖಾಲಿ. ಮಾಂಸಕ್ಕೆ, ದುಡ್ಡಿಗೆ ಜನ ಕಾಡಿನೊಳಗೆ ಉರುಳು ಹಾಕತೊಡಗಿದರು. ಆ ವರ್ಷ ಜೂನ್‌ನಲ್ಲಿ ನ್ಕುರಿಂಗೊ ಗುಂಪಿನ ಯಜಮಾನ ರಫಿಕಿ ಸತ್ತು ಬಿದ್ದಿತ್ತು, ಹೊಟ್ಟೆಗೆ ಈಟಿ. ಸಣ್ಣ ಪ್ರಾಣಿ ಬೇಟೆಗೆ ಹೋದವನು, ಗೊರಿಲ್ಲಾ ಮೈಮೇಲೆ ಬಂತು, ಜೀವ ಉಳಿಸಿಕೊಳ್ಳಲು ಚುಚ್ಚಿದೆ ಅಂದ. ಅವನಿಗೆ 11 ವರ್ಷ ಶಿಕ್ಷೆಯಾಯಿತು. ಬೆಂಕಿಯ ಸುತ್ತ ಕೂತಿದ್ದವರಲ್ಲಿ ಯಾರೂ ಅವನ ಪರ ಮಾತಾಡಲಿಲ್ಲ. ಆದರೆ ಆ ವರ್ಷ ಏನು ತಿಂದೆವು ಅನ್ನುವುದನ್ನು ಒಬ್ಬೊಬ್ಬರಾಗಿ ಹೇಳಿದರು.

ನನ್ನ 800 ಡಾಲರಿನಲ್ಲಿ ಈ ಊರುಗಳಿಗೆ ಅಂತ ತೆಗೆದಿಡುವುದು 10 ಡಾಲರ್. ಇದರ ಮೇಲೆ ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇಕಡಾ 20. ಉಳಿದದ್ದು ರೇಂಜರುಗಳ ಸಂಬಳ, ಬೇರೆ ಉದ್ಯಾನಗಳ ಖರ್ಚು. ಗೊರಿಲ್ಲಾ ದುಡಿಯದಿದ್ದರೆ ಉಗಾಂಡದ ಬೇರೆ ಎಷ್ಟೋ ಕಾಡುಗಳಿಗೆ ಕಾವಲುಗಾರರೇ ಇರುವುದಿಲ್ಲ ಅನ್ನುವುದನ್ನೂ ಒಪ್ಪುತ್ತೇನೆ. ಆದರೂ ಆ ಹತ್ತನ್ನು ನೆನೆದರೆ ಪಿಚ್ಚೆನಿಸುತ್ತದೆ. ಕ್ಯಾಂಪಿನ ಹದಿನೈದು ಡಾಲರ್ ಅದಕ್ಕಿಂತ ಜಾಸ್ತಿ, ಅದೂ ನೇರವಾಗಿ ಸಿಗುತ್ತದೆ. ಸೌದೆ ಪಕ್ಕದ ಮನೆಯದು, ಬೀನ್ಸು ಕೆಳಗಿನ ಮನೆಯದು, ಮೊಟ್ಟೆ ಇನ್ನೊಬ್ಬರದು. 1990ರ ದಶಕದಲ್ಲೇ ಬುಹೋಮಾದ ಊರಿನವರು ಸೇರಿ ತಮ್ಮದೇ ಒಂದು ಕ್ಯಾಂಪು ನಡೆಸಿ ಲಾಭದಲ್ಲಿ ಶಾಲೆಗೆ ಸಹಾಯ ಮಾಡಿದವರು. ಲಾಡ್ಜಿನವರೂ ಊರಿನವರಿಗೆ ಕೆಲಸ ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ನನ್ನ ಹತ್ತಿರ ದುಡ್ಡಿದ್ದಿದ್ದರೆ ನಾನೂ ಅಲ್ಲೇ ಇರುತ್ತಿದ್ದೆನೋ ಏನೋ.

ಆ ಬೆಂಕಿಯ ಸುತ್ತ ಬಟ್ವಾ ಜನರು ಯಾರೂ ಇರಲಿಲ್ಲ. ಈ ಕಾಡು ಅವರದ್ದು. ಬೇಟೆ, ಜೇನು, ಗೆಡ್ಡೆಗಳಿಂದ ಒಳಗೇ ಬದುಕಿದ್ದವರು. 1991ರಲ್ಲಿ ಉದ್ಯಾನ ಆದಾಗ ಹೊರಗೆ ಹಾಕಿದರು. ಹೊಲ ಇದ್ದವರಿಗೆ ಪರಿಹಾರ ಅಂತ ಏನಾದರೂ ಸಿಗುತ್ತಿತ್ತು, ಕಾಡಿನವರಿಗೆ ತೋರಿಸಲು ಹೊಲ ಇರಲಿಲ್ಲ. 2021ರಲ್ಲಿ ಉಗಾಂಡದ ಸಂವಿಧಾನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಬರಲು ಮೂವತ್ತು ವರ್ಷ ಬೇಕಾಯಿತು. ಈಗ ಬುಹೋಮಾದಲ್ಲಿ ಟಿಕೆಟ್ ಕೊಂಡರೆ ಬಟ್ವಾ ಹಿರಿಯರು ಕಡ್ಡಿ ಮಥಿಸಿ ಬೆಂಕಿ ಮಾಡಿ ತೋರಿಸುತ್ತಾರೆ, ಬಾಣ ಬಿಡುತ್ತಾರೆ, ಹಾಡಿ ಕುಣಿಯುತ್ತಾರೆ. ನಾನು ಹೋದೆ. ಹೋಗಬಾರದಿತ್ತು ಅಂತ ಹೇಳಲಾರೆ, ಅವರಿಗೆ ಅದೇ ಸಂಪಾದನೆ. ಆದರೆ ಚಪ್ಪಾಳೆ ತಟ್ಟುವಾಗ ಕೈ ಭಾರವಾಯಿತು. ನಾಗರಹೊಳೆಯ ಜೇನುಕುರುಬರ ಹಾಡಿಗಳಿಗೆ ಹೋದವರಿಗೆ ಇದು ಯಾಕೆ ಅಂತ ವಿವರಿಸಬೇಕಾಗಿಲ್ಲ. ಪ್ರದರ್ಶನ ಮುಗಿದ ಮೇಲೆ ಒಬ್ಬ ಅಜ್ಜಿ ಕಾಡಿನ ಕಡೆ ತೋರಿಸಿ ಏನೋ ಅಂದರು. ಗೈಡ್ ಹೇಳಿದ್ದು: "ಗೊರಿಲ್ಲಾ ಹೊರಗೆ ಬಂದರೆ ಮರ್ಯಾದೆಯಿಂದ ಒಳಗೆ ಕಳಿಸ್ತಾರೆ. ನಾವು ಒಳಗೆ ಹೋದರೆ ಹೊರಗೆ ಹಾಕ್ತಾರೆ ಅಂತಿದ್ದಾರೆ."

ಲೆಕ್ಕ ಚುಕ್ತಾ ಮಾಡುವ ದಿನ ಉಸ್ತುವಾರಿ ಹೆಂಗಸು ಬಿಲ್ಲನ್ನು ಕೈಯಲ್ಲೇ ಬರೆದುಕೊಟ್ಟರು. ಟೆಂಟು, ಕಾರೊ, ಬೀನ್ಸು, ಬಿಸಿನೀರು ಇಷ್ಟು ಕ್ಯಾನು. ಭಾವ ದುಡ್ಡು ಎಣಿಸುತ್ತಾ, ಅತ್ತೆ ಮಾವನನ್ನೂ ಒಂದು ಸಲ ಕರೆದುಕೊಂಡು ಬರಬೇಕು ಕಣಯ್ಯಾ ಅಂದರು. ಹಾಸಿಗೆ ಬಗ್ಗೆ ಗೊಣಗಿದ ಮನುಷ್ಯ! ಅಪ್ಪನ ಮಂಡಿಗೆ ಈ ಗುಡ್ಡ ಆಗುವುದಿಲ್ಲ ಅಂದೆ. ಆಕೆ ಕೇಳಿಸಿಕೊಂಡು, ಅದಕ್ಕೂ ವ್ಯವಸ್ಥೆ ಇದೆ ಅಂದರು. ನಡೆಯಲಾಗದವರನ್ನು ಕುರ್ಚಿಯಂಥ ಡೋಲಿಯಲ್ಲಿ ಕೂರಿಸಿ ಊರಿನ ಗಂಡಸರು ಸರದಿಯಲ್ಲಿ ಹೊತ್ತುಕೊಂಡು ಹೋಗುತ್ತಾರೆ. ಇಲ್ಲಿ ಅದಕ್ಕೆ ಹೆಲಿಕಾಪ್ಟರ್ ಅಂತ ಹೆಸರು. ಮುನ್ನೂರು ಡಾಲರ್ ಮೇಲೆಯೇ ಬೀಳುತ್ತದೆ, ಆದರೆ ಹತ್ತು ಹನ್ನೆರಡು ಜನರಿಗೆ ಅವತ್ತಿನ ಕೂಲಿ.

ಭಾವ ಅಲ್ಲಿಂದಲೇ ಚನ್ನರಾಯಪಟ್ಟಣಕ್ಕೆ ವಿಡಿಯೋ ಕಾಲ್ ಹಾಕಿ, "ಮಾವ, ನೀವು ನಡೀಬೇಕಾಗೇ ಇಲ್ಲ, ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ" ಅಂದರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕೆ ಅಷ್ಟು ದೂರ ಯಾಕೆ ಬರ್ಲಿ ಅಳಿಯಂದಿರೇ? ಇಲ್ಲಿ ಪುಕ್ಕಟೆ ಹೊರ್ತಾರೆ" ಅಂದರು.